ಗುಣಿ, ಮತ್ತು ಒಂದು ಮಾರು ಹಗ್ಗ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಸಂತೆಬಾಚಹಳ್ಳಿ ಕಡೆಯಿಂದ ಪೇಟೆಗೆ ಹೋಗುವ ಬಸ್ಸು ನಮ್ಮೂರಿನ ಅರಳಿಕಟ್ಟೆ ಹತ್ತಿರ ನಿಂತು ಎರಡು ಸಲ ಹಾರನ್ ಹೊಡೆಯುವ ಹೊತ್ತು. ನಮ್ಮ ಮನೆಯಲ್ಲಿ ಗಡಿಯಾರ ನೋಡಿ ಏನನ್ನೂ ಮಾಡುತ್ತಿರಲಿಲ್ಲ, ಆ ಹಾರನ್ನೇ ಗಡಿಯಾರ. ಹಾರನ್ ಕೇಳಿಸಿದಾಗ ನಾನು ಅಂಗಳದಲ್ಲಿ ಬೋರಲು ಮಲಗಿದ್ದೆ. ಹಗೇವಿನ ಬಾಯೊಳಗೆ ತಲೆ ಇಟ್ಟು, ಹಗ್ಗ ಕಟ್ಟಿದ ದೀಪವೊಂದನ್ನು ಒಳಗೆ ಇಳಿಬಿಡುತ್ತಿದ್ದೆ. ಎರಡನೇ ಹಾರನ್ ನಿಲ್ಲುವುದಕ್ಕೂ ಆ ದೀಪ ಆರುವುದಕ್ಕೂ ಸರಿಹೋಯಿತು. ಅದು ಸಣ್ಣಗಾಗಿ, ನಡುಗಿ ಆರಲಿಲ್ಲ. ಯಾರೋ ಎರಡು ಬೆರಳಿನಲ್ಲಿ ಹಿಡಿದು ಹಿಸುಕಿದ ಹಾಗೆ ತಟ್ಟನೆ ಆರಿತು. ಆಗ ನನಗೆ ಒಂಬತ್ತು ವರ್ಷ. ಇವತ್ತಿಗೂ ಬಸ್ಸಿನ ಹಾರನ್ ಎರಡು ಸಲ ಕೇಳಿದರೆ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಹಗೇವು ಎಂದರೆ ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ರಾಗಿ ತುಂಬಿಡುವುದಕ್ಕೆ ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಕಿರಿದು, ಒಬ್ಬ ಸಣಕಲು ಮನುಷ್ಯ ಭುಜ ಮುದುರಿಕೊಂಡು ಇಳಿಯುವಷ್ಟು. ಅದರ ಕೆಳಗೆ ಒಂದಾಳು ಉದ್ದದ ಕತ್ತು. ಕತ್ತಿನ ಕೆಳಗೆ ಗೋಡೆ ಸುತ್ತಲೂ ಗುಂಡಗೆ ಹಿಂದಕ್ಕೆ ಸರಿದು, ನೆಲದೊಳಗೆ ಹೂತಿಟ್ಟ ದೊಡ್ಡ ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗಿ, ಮತ್ತೆ ತಳದಲ್ಲಿ ಕೂಡಿಕೊಳ್ಳುತ್ತಿತ್ತು. ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಆ ಹೊಟ್ಟೆಯ ಭಾಗವನ್ನು ನಮ್ಮ ಮನೆಯಲ್ಲಿ ಹಗೇವಿನ ಗುಣಿ ಎನ್ನುತ್ತಿದ್ದರು.

ಗುಣಿ. ಪೇಟೆಯವರು, ಪುಸ್ತಕದವರು ಗುಳಿ ಎನ್ನುತ್ತಾರೆ. ನಮ್ಮ ಕಡೆ ಗುಣಿಯೇ. ಒಳಕ್ಕೆ ಬಾಗಿದ್ದು, ಏನನ್ನಾದರೂ ತನ್ನೊಳಗೆ ಹಿಡಿದುಕೊಳ್ಳುವಂಥದ್ದು ಯಾವುದೇ ಇರಲಿ, ಅದಕ್ಕೆ ಇದೊಂದೇ ಮಾತು. ಒಳಕಲ್ಲಿನ ನಡುವೆ ಅಕ್ಕಿ ರುಬ್ಬಿ ರುಬ್ಬಿ ನುಣುಪಾದದ್ದು ಗುಣಿ. ಬಿಸಿ ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳು ಒತ್ತಿ, ತುಪ್ಪ ಬಿಟ್ಟುಕೊಳ್ಳಲು ಮಾಡುವುದು ಗುಣಿ. ತೀರ್ಥಕ್ಕೆ ಕೈ ಒಡ್ಡಿದರೆ ಅಂಗೈಯಲ್ಲಿ ಬೀಳುವುದು, ನಕ್ಕರೆ ಶಾಂತಕ್ಕನ ಕೆನ್ನೆಯಲ್ಲಿ ಬೀಳುವುದು, ಮೇವಿಲ್ಲದ ದಿನ ಹಸುವಿನ ಪಕ್ಕೆಯಲ್ಲಿ ಬೀಳುವುದು ಎಲ್ಲವೂ ಗುಣಿಯೇ. ತಲೆಯಿಟ್ಟು ಎದ್ದ ಮೇಲೆ ದಿಂಬಿನಲ್ಲಿ ಉಳಿಯುವುದೂ ಅದೇ. ನನಗೆ ಈ ಮಾತು ಕಲಿಸಿದವಳು ಅವ್ವ. ಅಡುಗೆಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಹೆಬ್ಬೆರಳನ್ನು ತನ್ನ ಕೈಯಿಂದ ಹಿಡಿದು ಮುದ್ದೆಗೆ ಒತ್ತಿಸುತ್ತಿದ್ದಳು.

"ಮೆತ್ಗೆ ಒತ್ತಮ್ಮಿ. ತಳ ತೂತಾದ್ರೆ ತುಪ್ಪ ತಟ್ಟೆಗೆ ಓಯ್ತದೆ, ನಿನ್ ಬಾಯ್ಗಲ್ಲ."

ಆ ತುಪ್ಪ ನನ್ನ ಮುದ್ದೆಗೆ ಬೀಳುತ್ತಿತ್ತು, ಅವಳ ಮುದ್ದೆಗೆ ಬಿದ್ದದ್ದನ್ನು ನಾನು ನೋಡಿಲ್ಲ. ಮನೆಯ ಕಿರಿಯ ಸೊಸೆ ಕೊನೆಗೆ ಉಣ್ಣಬೇಕು. ಕೊನೆಗೆ ಉಳಿಯುತ್ತಿದ್ದುದು ಪಾತ್ರೆಗೆ ಅಂಟಿದ ಸೀಕು ಮತ್ತು ತಿಳಿಸಾರು. ಅಪ್ಪನಿಗೆ ಪಾಂಡವಪುರದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಉಳಿದ ದಿನ ಮನೆ ದೊಡ್ಡಪ್ಪನದು. ಈ ಬರಹದಲ್ಲಿ ದೊಡ್ಡಪ್ಪನಿಗೆ ಬಹುವಚನ ಹಾಕಬೇಕಿತ್ತು. ಓದಿದವಳು, ಮೇಷ್ಟ್ರಾಗಿರುವವಳು, ಹಿರಿಯರನ್ನು ಹೀಗೆ ಬರೆಯಬಾರದು ಎಂದು ಯಾರಾದರೂ ಹೇಳಿಯಾರು. ಹೇಳಲಿ. ಬರೆದು ನೋಡಿದೆ, ಕೈ ಬರಲಿಲ್ಲ.

ಹಿಂದಿನ ಸಂಜೆ ಬೂಕನಕೆರೆಯಿಂದ ಮಾತು ಬಂದಿತ್ತು. ದೊಡ್ಡಪ್ಪನ ಮಗಳು ಶಾಂತಕ್ಕನನ್ನು ನೋಡಲು ಗಂಡಿನ ಕಡೆಯವರು ಮಾರನೇ ದಿನ ಮಧ್ಯಾಹ್ನವೇ ಬರುತ್ತಾರಂತೆ. ದೊಡ್ಡವ್ವ ಅಕ್ಕಿ, ಬೆಲ್ಲ, ಕೋಳಿ ಎಂದು ಓಡಾಡತೊಡಗಿದಳು. ದೊಡ್ಡಪ್ಪನಿಗೆ ಹೊಳೆದದ್ದೇ ಬೇರೆ. ಬಂದವರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಹಳೆಯ ರಾಗಿಯ ರಾಶಿ ಕಾಣಬೇಕು. ಉಣ್ಣಲಿಕ್ಕಲ್ಲ, ನೋಡಲಿಕ್ಕೆ. ಊರಲ್ಲಿ ಎಲ್ಲರೂ ಹಗೇವು ಬಿಟ್ಟು ಮೂಟೆ ಕಟ್ಟಿ ಅಟ್ಟಕ್ಕೆ ಹಾಕುವ ಕಾಲ ಬಂದಿತ್ತು. ಇನ್ನೂ ಹಗೇವು ಇರುವ ಮನೆ ಎನ್ನುವುದು ಅವನ ಮೀಸೆ.

ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಹಿಂದಿನ ದಿನವೇ ಕಲ್ಲು ಎತ್ತಿ ಬಾಯಿ ಬಿಡಬೇಕು. ಒಂದು ಹಗಲು, ಒಂದು ರಾತ್ರಿ ಅದು ಉಸಿರಾಡಬೇಕು. ಬೆಳಿಗ್ಗೆ ಕರಟದಲ್ಲಿ ಹಣತೆ ಇಟ್ಟು, ಮೂರು ದಾರ ಕಟ್ಟಿ, ಹಗ್ಗದಲ್ಲಿ ರಾಗಿ ಮುಟ್ಟುವ ತನಕ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಇಳಿಯುವವನ ಎದೆಗೆ ಬೇರೊಂದು ಹಗ್ಗ ಕಟ್ಟಬೇಕು. ದೀಪ ಬಿಡುವುದು ಮನೆಯ ಮಕ್ಕಳ ಕೆಲಸ. ದೊಡ್ಡವರ ತಲೆ ಬೆಳಕಿಗೆ ಅಡ್ಡವಾಗುತ್ತದೆ, ಮಗುವಿನ ತಲೆಯಾದರೆ ಪಕ್ಕದಲ್ಲಿ ಸಂದು ಇರುತ್ತದೆ. ಹಿಂದಿನ ವರ್ಷದಿಂದ ಆ ಕೆಲಸ ನನ್ನದು, ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ನಮ್ಮ ಹಗ್ಗ ಸರಿಯಾದ ಅಳತೆಯದು. ಹಗೇವು ಅರ್ಧಕ್ಕೆ ಇಳಿದಿದ್ದಾಗ ದೀಪ ರಾಗಿ ಮುಟ್ಟಿದರೆ ಮೇಲೆ ಹಗ್ಗ ಹಿಡಿದವರ ಕೈಯಲ್ಲಿ ಒಂದು ಗೇಣು ಮಾತ್ರ ಉಳಿಯುತ್ತಿತ್ತು.

ಆ ದಿನ ಕಲ್ಲು ಎತ್ತಿದ್ದು ಬೆಳಿಗ್ಗೆ ಏಳಕ್ಕೆ. ಎತ್ತಿದವನು ಸಣ್ಣಯ್ಯ. ನಮ್ಮೂರಿನ ಅರ್ಧ ಹಗೇವುಗಳಿಗೆ ಇಳಿದು ಹತ್ತಿದವನು, ಹೆಸರಿಗೆ ತಕ್ಕ ಹಾಗೆ ಕಡ್ಡಿಯಂಥ ಆಳು. ಅರ್ಧ ಖಾಲಿ ಮಾಡಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಹಗೇವು. ಕಲ್ಲು ಸರಿದ ಕೂಡಲೇ ಬೆಚ್ಚನೆಯ, ಹುಳಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಸಣ್ಣಯ್ಯ ಮುಖ ತಿರುಗಿಸಿಕೊಂಡ. ನನ್ನ ಮೊದಲ ದೀಪ ಆರಿದ್ದು ಕತ್ತು ಮುಗಿದು ಗುಣಿ ಶುರುವಾಗುವ ಜಾಗದಲ್ಲಿ.

"ಆರೋಯ್ತು ದೊಡ್ಡಪ್ಪ."

"ಗಾಳಿಗೆ ಆರ್ತು. ಇನ್ನೊಂದ್ಸಲ ಅಚ್ಚು."

ಗಾಳಿಗೆ! ಅಂಗಳದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. ನೆಲದೊಳಗಿನ ಗಡಿಗೆಯಲ್ಲಿ ಬೀಸುವ ಗಾಳಿ ಯಾವುದು? ಬತ್ತಿಗೆ ಸೀಮೆಎಣ್ಣೆ ಸುರಿದು ಮತ್ತೆ ಹಚ್ಚಿಕೊಟ್ಟರು. ಮತ್ತೆ ಇಳಿಬಿಟ್ಟೆ. ಅದೇ ಜಾಗ, ಅದೇ ಎರಡು ಬೆರಳು. ಸಣ್ಣಯ್ಯ ಸೊಂಟದ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಇವತ್ತಾಗಕಿಲ್ಲ ಕಣ್ ಗೌಡ. ನಿನ್ನೇನೇ ಬಾಯ್ ಬುಡ್ಬೇಕಿತ್ತು. ನಾಳೀಕೆ ಬತ್ತೀನಿ."

"ನಾಳೀಕೆ ನಿನ್ ತಿಥಿಗಾ? ಮಧ್ಯಾಹ್ನಕ್ಕೆ ನೆಂಟ್ರು ಬತ್ತಾವ್ರೆ ಕಣ್ಲಾ!"

"ನೆಂಟ್ರು ರಾಗಿ ನೋಡಕ್ ಬತ್ತಾವ್ರಾ, ಎಣ್ಣು ನೋಡಕ್ ಬತ್ತಾವ್ರಾ? ದೀಪ ಬ್ಯಾಡ ಅಂತದೆ. ಅದ್ಕಿಂತ ದೊಡ್ ಗೌಡ ನೀನಲ್ಲ, ಬುಡು."

ಅಷ್ಟು ಹೇಳಿ ಅರಳಿಕಟ್ಟೆ ಕಡೆಗೆ ನಡೆದುಬಿಟ್ಟ. ಕೂಲಿಯವನು ಬಾಯಿಗೆ ಬಾಯಿ ಕೊಟ್ಟು ಹೋದದ್ದನ್ನು ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದರು. ದೊಡ್ಡಪ್ಪನ ಕಿವಿ ಕೆಂಪಾದವು. ಮೂರನೇ ಸಲ ಅವನೇ ದೀಪ ಹಚ್ಚಿ ನನ್ನ ಕೈಗೆ ಕೊಟ್ಟ. ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದು ನನ್ನ ಹಿಂದೆ ನಿಂತ.

"ಈ ಸಲ ಆರ್ಸುದ್ರೆ ನಿನ್ ಚರ್ಮ ಸುಲೀತೀನಿ, ಲೇ ಕಮಲಿ."

ಆರಿಸುವುದು. ನಾನು ಆರಿಸಿದ್ದೆನಂತೆ. ಆ ಕ್ಷಣವನ್ನು ನಾನು ಎಷ್ಟು ಸಲ ಮತ್ತೆ ನಡೆಸಿ ನೋಡಿದ್ದೇನೆಯೋ ಲೆಕ್ಕವಿಲ್ಲ. ಹಗ್ಗ ಅಂಗೈಯಲ್ಲಿ ಒರಟಾಗಿ ಜಾರುತ್ತದೆ. ದೀಪ ಕತ್ತಿನ ಕಲ್ಲುಗಳನ್ನು ಒಂದೊಂದಾಗಿ ಬೆಳಗುತ್ತಾ ಇಳಿಯುತ್ತದೆ. ಕಲ್ಲು ಮುಗಿದು ಮಣ್ಣಿನ ಗೋಡೆ ಹಿಂದಕ್ಕೆ ಬಾಗಲು ಶುರುವಾಗುವ ಅಂಚು ಕಾಣುತ್ತದೆ. ಅಲ್ಲಿ ನಾನು ಕೈ ಬಿಗಿ ಹಿಡಿಯುತ್ತೇನೆ. ದೀಪ ಅಲ್ಲೇ ನಿಲ್ಲುತ್ತದೆ, ಚೆನ್ನಾಗಿ ಉರಿಯುತ್ತದೆ. ನನ್ನ ಬಾಯಿ ಹೇಳುತ್ತದೆ:

"ಉರೀತಾ ಅದೆ, ದೊಡ್ಡಪ್ಪ."

ತಿರುಗಿ ನೋಡಿದೆ. ದೊಡ್ಡಪ್ಪನ ಕೈಯಲ್ಲಿ ಹಗ್ಗ ಇತ್ತು. ಗೇಣಲ್ಲ, ಒಂದು ಮಾರು. ಎರಡು ಸುತ್ತು ಸುತ್ತಿ ಹಿಡಿದರೂ ನೆಲಕ್ಕೆ ಇಳಿಬೀಳುವಷ್ಟು. ಅವನು ಅದನ್ನು ನೋಡಿದ. ಮುಷ್ಟಿಯತ್ತ ಕಣ್ಣು ಇಳಿಸಿ ನೋಡಿದ, ಆಮೇಲೆ ನನ್ನನ್ನು ನೋಡಿದ. ಇಪ್ಪತ್ತು ವರ್ಷ ಆ ಹಗ್ಗದಲ್ಲಿ ದೀಪ ಬಿಟ್ಟ ಮನೆಯ ಯಜಮಾನನಿಗೆ ಅದರ ಅರ್ಥ ಗೊತ್ತಿರಲಿಲ್ಲವೇ? ಒಂಬತ್ತು ವರ್ಷದ ನನಗೇ ಗೊತ್ತಿತ್ತು.

"ಸಾಕು, ಎತ್ತು," ಎಂದ.

ಆಮೇಲೆ ಅಡುಗೆಮನೆಯತ್ತ ತಿರುಗಿ ಅವ್ವನನ್ನು ಕರೆದ. ಹೆಸರು ಹಿಡಿದು ಅಲ್ಲ, ಆ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಂಡತಿಗೆ ಕೂಗಿ ಹೇಳಿದ.

"ಆ ಚಿಕ್ಕೋಳ್ನ ಕಳ್ಸೇ. ಒಟ್ಟೆ ನೋಡು, ಗುಣಿ ಬಿದ್ದದೆ. ಸಲೀಸಾಗಿ ಇಳೀತಾಳೆ."

ದೊಡ್ಡವ್ವ ನಕ್ಕಳು. ಅವ್ವ ಕೈ ಒರೆಸಿಕೊಂಡು ಬಂದಳು. ಭಾವನ ಎದುರು ನಿಲ್ಲಬಾರದು, ಅವನೊಂದಿಗೆ ಮಾತಾಡಬಾರದು ಎನ್ನುವ ಪದ್ಧತಿಯವಳು, ಸೆರಗು ಮುಂದಕ್ಕೆ ಎಳೆದುಕೊಂಡು ಬಾಗಿಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಆಮೇಲೆ ಹಗೇವಿನ ಬಾಯಿಗೆ ಬಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಬಿದಿರೇಣಿ ಇಳಿಬಿಡುವುದನ್ನು ನೋಡಿದಳು. ಅವಳ ಎದೆಗೆ ಹಗ್ಗ ಕಟ್ಟಲಿಲ್ಲ. ನಾನು ಅವಳ ಮುಖ ನೋಡಲಿಲ್ಲ. ಆರತೊಡಗಿದ್ದ ಕರಟದ ದೀಪವನ್ನು ನೋಡುತ್ತಾ ಕೂತಿದ್ದೆ.

ಮೊದಲ ಕುಕ್ಕೆ ಮೇಲೆ ಬಂತು. ಕಪ್ಪಗೆ ಹೊಳೆಯುವ ಹಳೇ ರಾಗಿ. ದೊಡ್ಡಪ್ಪ ಅದನ್ನು ಅಂಗಳದ ನಡುವೆ ಸುರಿದು, ಕಾಲಿನಿಂದ ಹರಡಿ, ಇನ್ನೂ ನಾಲ್ಕು ಕುಕ್ಕೆಯಾದರೆ ರಾಶಿ ಕಾಣುತ್ತದೆ ಎಂದ. ಎರಡನೇ ಕುಕ್ಕೆ ಇಳಿಯಿತು. ನಾನು ಮತ್ತೆ ಬೋರಲು ಮಲಗಿ ನೋಡಿದೆ. ಅವ್ವ ಕುಕ್ಕೆಗೆ ಎರಡು ಬೊಗಸೆ ರಾಗಿ ಹಾಕಿದಳು. ಮೂರನೆಯದು ಹಾಕಲು ಬಗ್ಗಿದವಳು ಹಾಗೇ ನಿಂತಳು. ಮೇಲಕ್ಕೆ ನೋಡಿದಳು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು, ಶಬ್ದ ಬರಲಿಲ್ಲ. ಒಂದು ಕೈ ಏಣಿಯ ಮೆಟ್ಟಿಲು ಹುಡುಕಿತು. ಏಣಿ ಅವಳ ಭುಜಕ್ಕೆ ತಾಗುತ್ತಲೇ ಇತ್ತು, ಕೈಗೆ ಸಿಗಲಿಲ್ಲ. ಮಕ್ಕಳು ನಿದ್ದೆಗೆ ಜಾರುವ ಹಾಗೆ ಮಂಡಿಯೂರಿ, ರಾಗಿಯ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಳು. ಅವಳ ತಲೆಯ ಭಾರಕ್ಕೆ ರಾಗಿ ಕುಸಿದು ಅಲ್ಲೊಂದು ಗುಣಿ ಬಿತ್ತು. ಅದು ನನಗೆ ಕಂಡಿತು.

"ಅವ್ವಾ! ಅವ್ವ ಬಿದ್ಬುಟ್ಳು!"

ದೊಡ್ಡಪ್ಪ ಬಾಯಿಗೆ ಬಂದು ಇಣುಕಿದ. "ಲೇ, ಎದ್ದೇಳೇ! ಜನ ಬರೋ ಒತ್ತಾಯ್ತು!" ಎಂದು ಕೂಗಿದ. ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಕೂಗಿದ್ದನ್ನು ಕ್ಷಮಿಸಬಹುದೇನೋ, ಆ ಎರಡು ಹೆಜ್ಜೆಯನ್ನಲ್ಲ. ದೀಪ ಗಾಳಿಗೆ ಆರಿತು ಎಂದು ನಿಜಕ್ಕೂ ನಂಬಿದ್ದವನು ಒಳಗೆ ಇಳಿಯುತ್ತಿದ್ದ, ಇಳಿಯಲು ಹೆಗಲು ತೂರದಿದ್ದರೂ ತಲೆಯನ್ನಾದರೂ ತೂರಿಸುತ್ತಿದ್ದ. ಹಿಂದೆ ಸರಿದವನಿಗೆ ಒಳಗಿರುವುದು ಏನೆಂದು ಗೊತ್ತಿತ್ತು.

ನಾನು ಓಡಿದೆ. ಸಣ್ಣಯ್ಯ ಅರಳಿಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಮನೆಯ ಕಡೆಗೆ ಕೈ ತೋರಿಸಿದೆ. ಅವನಿಗೆ ಅಷ್ಟೇ ಸಾಕಾಯಿತು. ಬೀಡಿ ಎಸೆದು ನನಗಿಂತ ಮುಂದೆ ಓಡಿದ. ಬಂದವನೇ ಜಗುಲಿಯ ಮೇಲಿದ್ದ ಕಂಬಳಿ ಎಳೆದು, ನಾಲ್ಕು ಮೂಲೆ ಸೇರಿಸಿ ಹಗ್ಗಕ್ಕೆ ಕಟ್ಟಿ, ಹಗೇವಿನೊಳಗೆ ಬಿಟ್ಟು ಮೇಲಕ್ಕೆಳೆದ. ಮತ್ತೆ ಬಿಟ್ಟ, ಮತ್ತೆ ಎಳೆದ. ಬಾವಿಯಿಂದ ನೀರು ಸೇದುವ ಹಾಗೆ ಕೆಟ್ಟ ಗಾಳಿಯನ್ನು ಸೇದಿ ಹೊರಗೆ ಚೆಲ್ಲುತ್ತಿದ್ದ. ಗೋಡೆಯಾಚೆಯಿಂದ ಇಬ್ಬರು ಗಂಡಸರು ಹಾರಿ ಬಂದರು.

"ನನ್ ಎದೆಗೆ ಅಗ್ಗ ಬಿಗೀರಿ. ನೂರು ಎಣ್ಸಿ, ಅಷ್ಟ್ರೊಳಗೆ ನಾ ಎಳೀನಿಲ್ಲ ಅಂದ್ರೂ ಎಳ್ದುಬುಡಿ. ಕಮಲಿ, ನೀನೆಣ್ಸವ್ವ. ಗಟ್ಟಿಯಾಗಿ."

ಇನ್ನೊಂದು ಹಗ್ಗ ಹೆಗಲಿಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು ಇಳಿದ. ನಾನು ಎಣಿಸಿದೆ. ಅರವತ್ತೆರಡಕ್ಕೆ ಹಗ್ಗ ಅಲುಗಿತು. ಮೊದಲು ಅವನು ಬಂದ, ಕಣ್ಣು ಕೆಂಪಗೆ, ಬಾಯಲ್ಲಿ ನೊರೆ. ಆಮೇಲೆ ಅವನು ಕಟ್ಟಿ ಬಂದಿದ್ದ ಇನ್ನೊಂದು ಹಗ್ಗ ಹಿಡಿದು ಎಳೆದರೆ ಅವ್ವ ಬಂದಳು. ಕತ್ತಿನ ಕಲ್ಲಿಗೆ ಹಣೆ ಉಜ್ಜಿ ರಕ್ತ ಬಂದಿತ್ತು. ತುಟಿ ನೇರಳೆ ಹಣ್ಣಿನ ಬಣ್ಣ. ಸಣ್ಣಯ್ಯ ಅವಳನ್ನು ಮಗ್ಗುಲಾಗಿ ಮಲಗಿಸಿ ಬೆನ್ನು ಗುದ್ದಿದ. ಎಷ್ಟೋ ಹೊತ್ತಿನ ಮೇಲೆ ಅವಳು ಒಂದು ಸಲ ಉಸಿರೆಳೆದಳು, ಹರಿದ ಬಟ್ಟೆಯ ಶಬ್ದದ ಹಾಗೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಅಪಘಾತ ಎಂದು ಕರೆದು ಸುಮ್ಮನಾಗುತ್ತಿದ್ದೆನೋ ಏನೋ. ಮುಂದಿನದನ್ನು ಕೇಳಿ. ದೊಡ್ಡಪ್ಪ ಅವ್ವನನ್ನು ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಬಿಡಲಿಲ್ಲ. ನೆಂಟರು ದಾರಿಯಲ್ಲಿ ಎದುರಾದರೆ? ಅವಳನ್ನು ಹಿಂದಿನ ಕೋಣೆಗೆ ಹೊತ್ತು ಹಾಕಿದರು, ಹಸಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ತಲೆ ಸಿಡಿದು ವಾಂತಿ ಮಾಡಿಕೊಳ್ಳುತ್ತಿದ್ದ ಸಣ್ಣಯ್ಯನನ್ನು ಹಿತ್ತಲ ಬಾಗಿಲಿಂದ ಕಳಿಸಿದರು. ಮಧ್ಯಾಹ್ನ ಬೂಕನಕೆರೆಯವರು ಬಂದರು. ಅವರಲ್ಲೊಬ್ಬ ಹಿರಿಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗೈಯ ಗುಣಿಯಲ್ಲಿ ರಾಗಿ ತುಂಬಿಕೊಂಡು ಊದಿ ನೋಡಿ, "ಬಂಗಾರ ಕಣ್ರಪ್ಪ. ಈಗೆಲ್ಲವ್ರೆ ಇಂಗೆ ಅಗೇವು ಮಡಗೋರು?" ಎಂದ. ದೊಡ್ಡಪ್ಪ ಮೀಸೆ ತಿರುವಿದ. ಚಿಕ್ಕ ಸೊಸೆ ಕಾಣಲಿಲ್ಲವಲ್ಲ ಎಂದು ಅವರ ಹೆಂಗಸರು ಕೇಳಿದ್ದಕ್ಕೆ ದೊಡ್ಡವ್ವ, "ಸಣ್ ಜ್ವರ" ಎಂದಳು. ಶಾಂತಕ್ಕ ರೇಷ್ಮೆ ಸೀರೆಯುಟ್ಟು ಹಿಂದಿನ ಕೋಣೆಯಲ್ಲಿ ಅವ್ವನ ಪಾದ ಉಜ್ಜುತ್ತಾ ಕೂತಿದ್ದಳು, ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದರು. ಆ ದಿನ ಅವಳ ಕೆನ್ನೆಯಲ್ಲಿ ಗುಣಿ ಬೀಳಲಿಲ್ಲ. ನಗು ಎಂದರೂ ನಗಲಿಲ್ಲ. ನಾನು ಕೋಣೆಯಲ್ಲಿ ಅವ್ವನ ಮೂಗಿನ ಕೆಳಗೆ ತೋರುಬೆರಳು ಹಿಡಿದು ಕೂತಿದ್ದೆ. ಬಿಸಿ ತಾಗಿದರೆ ಇದ್ದಾಳೆ. ನೆಂಟರು ಉಂಡು, ಎಲೆ ಅಡಿಕೆ ಹಾಕಿ, ಮಾತು ಮುಗಿಸಿ ಹೊರಟಾಗ ಬಿಸಿಲು ಇಳಿದಿತ್ತು. ಆಸ್ಪತ್ರೆಗೆ ಗಾಡಿ ಕಟ್ಟಿದ್ದು ಆಮೇಲೆ.

ಅವ್ವ ಬದುಕಿದಳು. ಆಸ್ಪತ್ರೆಯಿಂದ ಬಂದಾಗ ಅಪ್ಪ ಶನಿವಾರದ ಬಸ್ಸಿಗೆ ಬಂದಿದ್ದ. ಜಗುಲಿಯಲ್ಲಿ ಅಣ್ಣನ ಮಾತು ಕೇಳಿಸಿಕೊಂಡು ಒಳಗೆ ಬಂದು, ಚಪ್ಪಲಿ ಬಿಡುವ ಮೊದಲೇ ಅವ್ವನನ್ನು ಕೇಳಿದ.

"ಒರಗಾಗಿದ್ಯಾ ಅವತ್ತು?"

ಆ ಹೊತ್ತಿಗೆ ಊರಿಗೆಲ್ಲ ಅದೇ ಕಥೆ. ಮುಟ್ಟಾದವಳು, ಹೇಳದೆ ಮುಚ್ಚಿಟ್ಟುಕೊಂಡು ಹಗೇವಿಗೆ ಇಳಿದಳು, ಒಳಗಿದ್ದ ಲಕ್ಷ್ಮಿ ಕೆಡವಿದಳು. ದೊಡ್ಡಪ್ಪ ಕಟ್ಟಿದ ಕಥೆ, ದೊಡ್ಡವ್ವ ಕೇರಿ ಕೇರಿಗೆ ಹಂಚಿದ ಕಥೆ. ಮುಂದಿನ ಅಮಾವಾಸ್ಯೆಗೆ ಅವ್ವನಿಗೆ ಒದ್ದೆ ಬಟ್ಟೆಯುಡಿಸಿ, ಹಗೇವಿನ ಬಾಯಿಗೆ ಕಾಯಿ ಒಡೆಸಿ, ಮೂರು ಸಲ ತಪ್ಪಾಯ್ತು ಎನ್ನಿಸಿದರು. ಅಂದಳು. ಉಸಿರು ಕದ್ದುಕೊಂಡ ಗುಂಡಿಗೆ, ಉಸಿರು ಕಳೆದುಕೊಂಡವಳು ಕೈ ಮುಗಿದು ತಪ್ಪಾಯ್ತು ಎಂದಳು. ನಾನು ಕಂಬಕ್ಕೆ ಆತು ನಿಂತು ನೋಡಿದೆ. ಉರೀತಾ ಅದೆ ಎಂದ ನಾಲಗೆ ನನ್ನದು. ಆಗಲೂ ಅದು ಏಳಲಿಲ್ಲ.

ಅಂದಿನಿಂದ ಅವ್ವ ಮಲಗುವುದನ್ನು ಬಿಟ್ಟಳು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬಾಗಿಲು ತೆರೆದಿಟ್ಟು ಕೂತೇ ಕಣ್ಣು ಮುಚ್ಚುತ್ತಿದ್ದಳು. ಅಡ್ಡಾದರೆ ಎದೆಯ ಮೇಲೆ ಕಲ್ಲು ಮುಚ್ಚಿದಂತೆ ಆಗುತ್ತದಂತೆ. ನಾನು ಅವಳ ಪಕ್ಕದಲ್ಲಿ ಮಲಗಿ, ನಿದ್ದೆಯ ನಡುನಡುವೆ ಎದ್ದು ಅವಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ. ಅವಳ ದಿಂಬು ಹೊಲಿದ ದಿನ ಇದ್ದ ಹಾಗೇ ಉಬ್ಬಿಕೊಂಡಿರುತ್ತಿತ್ತು. ಇದು ಒಂದು ವಾರದ, ಒಂದು ವರ್ಷದ ಮಾತಲ್ಲ. ನಾನು ಪಾಂಡವಪುರದ ಕಾಲೇಜಿಗೆ ಸೇರಿ ಅಪ್ಪನ ಬಾಡಿಗೆ ಕೋಣೆಗೆ ಅವ್ವನನ್ನೂ ಕರೆಸಿಕೊಂಡಾಗಲೂ ಹೀಗೇ, ಅಪ್ಪ ತೀರಿಕೊಂಡು ನನಗೆ ಶ್ರೀರಂಗಪಟ್ಟಣದ ಹತ್ತಿರ ಮೇಷ್ಟ್ರ ಕೆಲಸ ಸಿಕ್ಕಾಗಲೂ ಹೀಗೇ. ಅಪ್ಪ ಆ ಪ್ರಶ್ನೆಯನ್ನು ಕೊನೆಯವರೆಗೂ ಹಿಂತೆಗೆದುಕೊಳ್ಳಲಿಲ್ಲ.

ಹೈಸ್ಕೂಲಿನಲ್ಲಿ ಒಂದು ದಿನ ಮೇಷ್ಟ್ರು ಗಾಜಿನ ಲೋಟದಲ್ಲಿ ಮೇಣದ ಬತ್ತಿ ಹಚ್ಚಿಟ್ಟು, ಇನ್ನೊಂದು ಲೋಟದಿಂದ ಕಣ್ಣಿಗೆ ಕಾಣದ ಗಾಳಿಯನ್ನು ನೀರಿನ ಹಾಗೆ ಅದರೊಳಗೆ ಬಗ್ಗಿಸಿದರು. ಬತ್ತಿ ತಟ್ಟನೆ ಆರಿತು. ಎರಡು ಬೆರಳಿನಲ್ಲಿ ಹಿಸುಕಿದ ಹಾಗೆ. ಇದು ನಾವು ಬಿಡುವ ಉಸಿರಿನ ಗಾಳಿ, ಭಾರವಾದದ್ದು, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಮುಚ್ಚಿಟ್ಟ ಕಾಳು ಕೂಡ ಅದನ್ನೇ ಬಿಡುತ್ತದೆ ಎಂದರು. ನಾನು ಬೆಂಚಿನಿಂದ ಎದ್ದು ಹೊರಗೆ ಹೋಗಿಬಿಟ್ಟೆ. ಈಗ ಅದೇ ಪ್ರಯೋಗ ನಾನು ಮಾಡಿ ತೋರಿಸುತ್ತೇನೆ. ಬೆಳಕಿನ ಪಾಠದಲ್ಲಿ ನಿಮ್ನ ದರ್ಪಣ ಬರುತ್ತದೆ. ನಿಮ್ನ ಎಂದರೆ ಮಕ್ಕಳು ಬಾಯಿ ಬಿಡುತ್ತಾರೆ. ಗುಣಿ ಬಿದ್ದ ಕನ್ನಡಿ ಕಣ್ರೋ ಎನ್ನುತ್ತೇನೆ, ಚಮಚದ ಒಳಮೈ ತೋರಿಸುತ್ತೇನೆ. ಪರೀಕ್ಷೆಯಲ್ಲಿ ನಿಮ್ನ ಎಂದೇ ಬರೆಯಿರಿ ಎಂದೂ ಹೇಳುತ್ತೇನೆ. ಹೇಳುವಾಗ ಸಿಟ್ಟು ಬರುತ್ತದೆ. ಆ ಮಾತಿನಲ್ಲಿ ಮುದ್ದೆಯೂ ಇಲ್ಲ, ಹಸುವಿನ ಪಕ್ಕೆಯೂ ಇಲ್ಲ, ಉಣ್ಣದೆ ಒಳಗೆ ಹೋದ ಹೆಂಗಸಿನ ಹೊಟ್ಟೆಯೂ ಇಲ್ಲ.

ಹೋದ ವರ್ಷ ಹಳೆಯ ಮನೆ ಪಾಲಾಯಿತು. ಅಂಗಳ, ಹಗೇವು ಸಮೇತ, ನಮ್ಮ ಪಾಲಿಗೆ ಬಂತು. ಮೊದಲ ಕೆಲಸವಾಗಿ ನಾನು ಟ್ರಾಕ್ಟರಿನಲ್ಲಿ ಕೆರೆಮಣ್ಣು ತರಿಸಿದೆ. ಅವ್ವ ಬರುವುದಿಲ್ಲ ಎಂದುಕೊಂಡಿದ್ದೆ. ಊರಿಗೆ ಹೊರಟ ಬೆಳಿಗ್ಗೆ ನನಗಿಂತ ಮೊದಲು ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪ ತನ್ನ ಪಾಲಿನ ಜಗುಲಿಯಲ್ಲಿ ಕೋಲು ಊರಿ ಕೂತಿದ್ದ, ಹಲ್ಲು ಹೋಗಿ ಕೆನ್ನೆ ಒಳಗೆ ಸೇರಿದೆ, ದನಿ ಮಾತ್ರ ಹಾಗೇ ಇದೆ. ಸುತ್ತ ನಾಲ್ಕು ಜನ ಊರವರು. ಸಣ್ಣಯ್ಯ ಅದನ್ನು ನೋಡಲು ಇರಲಿಲ್ಲ, ತೀರಿಹೋಗಿ ಎಷ್ಟೋ ವರ್ಷ.

"ಲಕ್ಷ್ಮಿ ಇದ್ದ ಜಾಗ ಕಣಮ್ಮಿ. ಮುಚ್ಚಬ್ಯಾಡ. ಒಳ್ಳೇದಾಗಕಿಲ್ಲ," ಎಂದ.

"ದೊಡ್ಡಪ್ಪ, ಅವತ್ತು ನಿನ್ ಕೈಲಿ ಎಷ್ಟು ಅಗ್ಗ ಉಳ್ದಿತ್ತು?"

"ಯಾವ ಅಗ್ಗ?"

"ದೀಪದ ಅಗ್ಗ."

"ಯಾವತ್ತಿಂದೋ ಏಳ್ತಾಳೆ. ಒರಗಾದೋಳು ಇಳುದ್ಲು, ಅದ್ಕೆ ಅಗ್ಗ ಏನ್ ಮಾಡ್ತದೆ?"

ನಾನು ಬಾಯಿ ತೆರೆದೆ. ನನಗಿಂತ ಮೊದಲು ಅವ್ವ ಮುಂದೆ ಬಂದಳು. ಸೆರಗು ತಲೆಯ ಮೇಲಿತ್ತು, ಮುಖದ ಮೇಲೆ ಇರಲಿಲ್ಲ. ಆ ಮನೆಗೆ ಕಾಲಿಟ್ಟ ದಿನದಿಂದ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

"ನಾನು ಒರಗಾಗಿರ್ಲಿಲ್ಲ, ಬಾವ."

ಆಮೇಲೆ ಎರಡೂ ತೋಳು ಅಗಲಿಸಿದಳು. ಬಲಗೈ ಬೆರಳ ತುದಿಯಿಂದ ಎಡಗೈ ಬೆರಳ ತುದಿಯವರೆಗೆ, ಪೂರ್ತಿ ಒಂದು ಮಾರು. ಊರವರ ಮುಂದೆ ಹಾಗೇ ನಿಂತಳು.

"ಇಷ್ಟು ಉಳ್ದಿತ್ತು. ಅಡ್ಗೆಮನೆ ಬಾಗ್ಲಿಂದ ನಾ ನೋಡಿದ್ದೆ."

ದೊಡ್ಡಪ್ಪ ಕೋಲಿನಿಂದ ನೆಲ ಕೆರೆದ. "ಮುಗ್ದೋದ್ ಮಾತು," ಎಂದ. ಅವನಿಂದ ತಪ್ಪಾಯ್ತು ಎನ್ನುವ ಮಾತು ಬರಲಿಲ್ಲ. ಒಂದು ಸಲವೂ ಬರಲಿಲ್ಲ, ಅವ್ವನ ಬಾಯಿಂದ ಮೂರು ಸಲ ಬಂದಿತ್ತು. ನಾಲ್ಕು ಜನರಲ್ಲೊಬ್ಬ ಎದ್ದು ಹೊರಟ, ಇನ್ನೊಬ್ಬ ಅವನ ಹಿಂದೆ. ಕೊನೆಗೆ ಜಗುಲಿಯಲ್ಲಿ ಅವನೊಬ್ಬನೇ ಉಳಿದ. ನಾನು ಟ್ರಾಕ್ಟರಿನವನಿಗೆ ಕೈ ಮಾಡಿದೆ. ಮೊದಲ ಮಣ್ಣು ಒಳಗೆ ಬಿದ್ದಾಗ ಹಗೇವು ಗಂಟಲು ಕಟ್ಟಿದವರ ಹಾಗೆ ಗುಟುಕು ಶಬ್ದ ಮಾಡಿತು. ಎರಡು ಲೋಡು ಬೇಕಾಯಿತು. ಅವ್ವ ಕೊನೆಯವರೆಗೂ ನಿಂತು ನೋಡಿ, ನೆಲ ಸಮವಾದ ಮೇಲೆ ಅದರ ಮೇಲೆ ನಡೆದು ಆಚೆಗೆ ಹೋಗಿ, ಮತ್ತೆ ಈಚೆಗೆ ಬಂದಳು.

ಸಂಜೆಯ ಬಸ್ಸಿನಲ್ಲಿ ನಾನು ಅವಳಿಗೆ ಹೇಳಿದೆ. ಹೇಳಬೇಕೆಂದು ಎಷ್ಟೋ ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಹೇಳಲು ಒಂದೇ ಉಸಿರು ಸಾಕಾಯಿತು.

"ದೀಪ ಕತ್ತಿನ ತಾವೇ ನಿಲ್ಸಿದ್ದೋಳು ನಾನು ಕಣವ್ವ. ಉರೀತಾ ಅದೆ ಅಂತ ಸುಳ್ಳು ಏಳ್ದೆ."

"ಗೊತ್ತು."

"ಗೊತ್ತಿದ್ದೂ ಯಾಕಿಳ್ದೆ? ಆಗಕಿಲ್ಲ ಅನ್ಬೌದಿತ್ತಲ್ಲ!" ನನ್ನ ದನಿ ಎಷ್ಟು ಏರಿತ್ತೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅವ್ವ ಕಿಟಕಿಯಾಚೆ ನೋಡುತ್ತಿದ್ದಳು.

"ಸಣ್ಣಯ್ಯ ಆಗಕಿಲ್ಲ ಅಂದ, ನನ್ ಕರುದ್ರು. ನಾ ಆಗಕಿಲ್ಲ ಅಂದಿದ್ರೆ, ಆ ಬಾಯೊಳಗೆ ಇಳಿಯೋವಷ್ಟು ಸಣ್ಣಗೆ ಆ ಮನೇಲಿ ಇನ್ಯಾರಿದ್ರು, ಏಳು."

ಉತ್ತರ ಅವಳ ಪಕ್ಕದಲ್ಲೇ ಕೂತಿತ್ತು. ನನ್ನ ಸಿಟ್ಟು ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಅದು ಅಷ್ಟೂ ವರ್ಷ ಅರ್ಧ ನನ್ನ ಮೇಲೇ ಇತ್ತು, ಬಸ್ಸಿಳಿಯುವ ಹೊತ್ತಿಗೆ ಪೂರ್ತಿಯಾಗಿ ಸೇರಬೇಕಾದವನಿಗೆ ಸೇರಿತ್ತು. ಮನೆಗೆ ಬಂದು ಇಬ್ಬರೂ ಉಂಡೆವು. ಅವಳ ಮುದ್ದೆಯಲ್ಲಿ ನಾನೇ ಹೆಬ್ಬೆರಳು ಒತ್ತಿ ತುಪ್ಪ ಬಿಟ್ಟೆ. ಬೇಡ ಎನ್ನಲಿಲ್ಲ.

ಮಾರನೇ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಬಿಸಿಲು. ಶಾಲೆಯಲ್ಲಿ ಆಗಲೇ ಪ್ರಾರ್ಥನೆ ಮುಗಿದಿರುವ ಹೊತ್ತು. ಬಾಗಿಲ ಮುಂದೆ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಬಿದ್ದಿತ್ತು. ನಡುವೆ ಒಂದು ಸಲವೂ ಎದ್ದ ನೆನಪು ನನಗಿರಲಿಲ್ಲ, ಕೈ ನನ್ನ ತಲೆಯ ಕೆಳಗೇ ಇತ್ತು. ಗಾಬರಿಯಿಂದ ಪಕ್ಕಕ್ಕೆ ತಿರುಗಿದೆ. ಅವ್ವ ಗೋಡೆಯ ಹತ್ತಿರ ಇರಲಿಲ್ಲ. ಅಡುಗೆಮನೆಯಿಂದ ಪಾತ್ರೆಯ ಸದ್ದು ಬಂತು.

"ಈಗೆದ್ದೆ ಕಣಮ್ಮಿ," ಎಂದು ಅಲ್ಲಿಂದಲೇ ಕೂಗಿದಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. "ನೀನಾದ್ರೂ ಏಳ್ಸಬಾರ್ದಾ? ಆಲೆಲ್ಲ ಒಡ್ದೋಗಿರ್ತದೆ ನೋಡು."

ನಾನು ಅವಳ ಚಾಪೆಯತ್ತ ನೋಡಿದೆ. ದಿಂಬಿನ ನಡುವೆ, ತಲೆಯಷ್ಟು ಅಗಲಕ್ಕೆ, ಗುಣಿ ಬಿದ್ದಿತ್ತು. ಕೈ ಇಟ್ಟು ನೋಡಿದೆ. ಇನ್ನೂ ಬೆಚ್ಚಗಿತ್ತು.